ಹುಲ್ಲಿನದೇ ತಪ್ಪಂತೆ

"ಮಷೀನಿಂದು ಏನೂ ತಪ್ಪಿಲ್ಲ ಮೇಡಂ, ನಿಮ್ಮ ಹುಲ್ಲು ಸರಿಯಿಲ್ಲ."

ಸರ್ವೀಸ್ ಸೆಂಟರಿನ ಹುಡುಗ ಹೀಗೆಂದಾಗ ನನಗೆ ಮೊದಲು ನಗು ಬಂತು. ಅವನು ನಗಲಿಲ್ಲ. ಪಕ್ಕದಲ್ಲಿದ್ದ ಅಪ್ಪನೂ ನಗಲಿಲ್ಲ. ಹುಲ್ಲನ್ನು ತಾನೇ ಅಡ್ಡಾದಿಡ್ಡಿ ಬೆಳೆಸಿದವನ ಹಾಗೆ ತಲೆ ತಗ್ಗಿಸಿಕೊಂಡು ನಿಂತಿದ್ದ.

ಆ ಲಾನ್ ಮೋವರಿಗೆ ನಾವು ಕೊಟ್ಟಿದ್ದು 78,000 ರೂಪಾಯಿ. ಕೊಂಡು ನಾಲ್ಕು ತಿಂಗಳೂ ಆಗಿರಲಿಲ್ಲ. ದುಡ್ಡು ಹೋದ ಸಂಕಟ ಇದ್ದೇ ಇದೆ, ಆದರೆ ಇದನ್ನು ಬರೆಯಲು ಕೂರಿಸಿದ್ದು ಅಪ್ಪನ ಆ ತಗ್ಗಿದ ತಲೆ. ದುಬಾರಿ ಯಂತ್ರವೊಂದು ಕೆಟ್ಟರೆ ಮಾರಿದವನು ತಲೆ ತಗ್ಗಿಸಬೇಕು. ನಮ್ಮಲ್ಲಿ ಕೊಂಡವನು ತಗ್ಗಿಸುತ್ತಾನೆ. ಇದು ತಾನಾಗಿ ಆಗುವುದಲ್ಲ, ಹಾಗೆ ಆಗುವಂತೆ ಏರ್ಪಾಡು ಮಾಡಲಾಗಿದೆ. ನನ್ನ ತಕರಾರು ಆ ಏರ್ಪಾಡಿನ ಮೇಲೆ.

ನಮ್ಮದು ತೀರ್ಥಹಳ್ಳಿ ಕಡೆ ಒಂದೂವರೆ ಎಕರೆ ಅಡಿಕೆ ತೋಟ. ಮಲೆನಾಡಿನ ತೋಟ ನೋಡದವರಿಗಾಗಿ ಹೇಳುತ್ತೇನೆ: ಮರದಿಂದ ಮರಕ್ಕೆ ಒಂಬತ್ತು ಅಡಿ, ಎರಡು ಸಾಲಿಗೊಂದು ಬಸಿಗಾಲುವೆ, ನೆಲವೆಲ್ಲ ಇಳಿಜಾರು. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಇಪ್ಪತ್ತು ದಿನದಲ್ಲಿ ಹುಲ್ಲು ಮೊಣಕಾಲು ಮುಟ್ಟುತ್ತದೆ. ಅದನ್ನು ಹೊಡೆಯದಿದ್ದರೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವವರು ತೋಟಕ್ಕೆ ಕಾಲಿಡಲು ಒಪ್ಪುವುದಿಲ್ಲ, ಉದುರಿದ ಅಡಿಕೆ ಹೆಕ್ಕಲು ಸಿಗುವುದಿಲ್ಲ, ಕಾಲ ಬುಡದಲ್ಲಿ ಹಾವಿದ್ದರೂ ಕಾಣುವುದಿಲ್ಲ. ಉಂಬಳದ ಕಾಟ ಬೇರೆ. ನಮ್ಮಲ್ಲಿ ಹುಲ್ಲು ಹೊಡೆಯುವುದು ಅಂದಚಂದದ ಕೆಲಸವಲ್ಲ, ಬೆಳೆ ಉಳಿಸಿಕೊಳ್ಳುವ ಕೆಲಸ.

ಅಪ್ಪ ಹತ್ತು ವರ್ಷ ಹೆಗಲಿಗೆ ನೇತುಹಾಕಿಕೊಳ್ಳುವ ವೀಡ್ ಕಟರ್‌ನಲ್ಲಿ ತೋಟ ಹೊಡೆದ. ಪೆಟ್ರೋಲ್ ತುಂಬಿದರೆ ಹತ್ತು ಕೆ.ಜಿ. ಹತ್ತಿರ ತೂಗುವ ಅದರ ಭಾರ, ನಡುಕ ಎಲ್ಲ ಬಲ ಹೆಗಲಿಗೆ ಇಳಿದು, ಕೊನೆಗೆ ಶರ್ಟಿನ ತೋಳಿಗೆ ಕೈ ಹಾಕಲೂ ಕಷ್ಟಪಡುವ ಸ್ಥಿತಿ ಬಂತು. ಹೆಗಲ ಮೇಲೆ ಭಾರ ಬೇಡವೇ ಬೇಡ ಎಂದರು ಡಾಕ್ಟರು. ಆಳು ಕರೆಯೋಣವೆಂದರೆ ಊರಿನ ಎಲ್ಲ ತೋಟಗಳಲ್ಲೂ ಹುಲ್ಲು ಒಂದೇ ಸಲ ಬೆಳೆಯುತ್ತದೆ. ಮಿಷನ್ ಹೊಡೆಯುವವರು ಊರಿಗಿಬ್ಬರು. ನಮ್ಮ ಸರದಿ ಬರುವಷ್ಟರಲ್ಲಿ ಹುಲ್ಲು ಹೂಬಿಟ್ಟು ಬೀಜ ಉದುರಿಸಿರುತ್ತದೆ.

ತಳ್ಳಿಕೊಂಡು ಹೋಗುವ ಯಂತ್ರ ತರೋಣ ಎಂದವಳು ನಾನು. ನನ್ನ ಫೆಲೋಶಿಪ್ ತಿಂಗಳಿಗೆ 37,000. ತಿಂಗಳಿಗೆ ಎನ್ನುವುದು ಲೆಕ್ಕಕ್ಕೆ ಮಾತ್ರ ಎಂಬುದು ಸಂಶೋಧನೆ ಮಾಡುವವರಿಗೆಲ್ಲ ಗೊತ್ತು. ಬಾಕಿ ಒಟ್ಟಿಗೆ ಬಂದಾಗ ಎರಡು ತಿಂಗಳಿನದನ್ನು ಅಪ್ಪನ ಹೆಗಲಿಗೆಂದು ತೆಗೆದಿಟ್ಟೆ. ಮೇಲಿನ ನಾಲ್ಕು ಸಾವಿರ ಅಪ್ಪ ಹಾಕಿದ.

ಅಂಗಡಿಯಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: ಇದು ಅಡಿಕೆ ತೋಟದಲ್ಲಿ ಓಡುತ್ತದಾ? "ಓಡದೆ ಏನು ಮೇಡಂ, ಫೋರ್ ಸ್ಟ್ರೋಕ್ ಇಂಜಿನ್ನು, ತಾನೇ ಎಳ್ಕೊಂಡು ಹೋಗುತ್ತೆ. ನಿಮ್ಮ ತಂದೆಯೋರು ಹಿಂದೆ ವಾಕಿಂಗ್ ಮಾಡಿದ್ರೆ ಸಾಕು" ಎಂದ ಅಂಗಡಿಯವನು. ಮಾರನೇ ದಿನ ವಾಟ್ಸಾಪ್‌ನಲ್ಲೂ ಬರೆದು ಕಳಿಸಿದ: "ತೋಟ, ಗದ್ದೆ ಬದು, ಎಲ್ಲಾ ಕಡೆ ಓಡುತ್ತೆ." ಕೊಳ್ಳಲು ಹೋದ ದಿನ ಅಂಗಡಿಯ ಮುಂದಿನ ಹುಲ್ಲುಹಾಸಿನ ಮೇಲೆ ಓಡಿಸಿ ತೋರಿಸಿದ. ಎರಡಂಗುಲದ ಹುಲ್ಲು, ಮೇ ತಿಂಗಳ ಬಿಸಿಲು. ಯಂತ್ರ ಸರಾಗವಾಗಿ ಹೋಯಿತು. ಅಪ್ಪನೂ ಹಿಡಿಕೆ ಹಿಡಿದು ನಾಲ್ಕು ಹೆಜ್ಜೆ ನಡೆದು ನನ್ನತ್ತ ತಿರುಗಿ ನೋಡಿದ. ಹೊಸ ಎತ್ತು ಹೂಡಿದವನ ಮುಖದಲ್ಲಿರುತ್ತದಲ್ಲ, ಅಂಥ ಸಂತೋಷ.

ಜೂನ್ ಕೊನೆಯ ವಾರ ತೋಟಕ್ಕಿಳಿಸಿದ ಮೊದಲ ದಿನವೇ ಆ ಸಂತೋಷ ಮುಗಿಯಿತು. ಅದಕ್ಕೆ ಕಾರಣ ಯಂತ್ರ ಕೆಲಸ ಮಾಡುವ ರೀತಿಯಲ್ಲೇ ಇದೆ. ಬೋರಲು ಹಾಕಿದ ಬಾಣಲೆಯಂಥ ಮುಚ್ಚಳದ ಅಡಿ ಒಂದೇ ಒಂದು ಅಲಗು ಅಡ್ಡಲಾಗಿ, ನಿಮಿಷಕ್ಕೆ 3,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಅಲಗಿನ ತುದಿಯನ್ನು ಸ್ವಲ್ಪ ಮೇಲಕ್ಕೆ ಬಾಗಿಸಿರುವುದರಿಂದ ಒಳಗಿನ ಗಾಳಿ ಮೇಲಕ್ಕೆಳೆಯುತ್ತದೆ. ಆ ಸೆಳೆತಕ್ಕೆ ಹುಲ್ಲು ನೆಟ್ಟಗೆ ನಿಲ್ಲುತ್ತದೆ, ಅಲಗು ಕತ್ತರಿಸುತ್ತದೆ, ಕತ್ತರಿಸಿದ್ದು ಅದೇ ಗಾಳಿಗೆ ಹಾರಿ ಹಿಂದಿನ ಚೀಲಕ್ಕೆ ಬೀಳುತ್ತದೆ. ಈ ಇಡೀ ಲೆಕ್ಕ ನಿಂತಿರುವುದು ಹುಲ್ಲು ಗಿಡ್ಡ, ಹಗುರ, ಒಣ ಎನ್ನುವುದರ ಮೇಲೆ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು ಎನ್ನುವುದು ಹುಲ್ಲುಹಾಸು ಸಾಕುವವರ ನಿಯಮ. ಮಳೆಯಲ್ಲಿ ನೆಂದ ಮೊಣಕಾಲೆತ್ತರದ ಹುಲ್ಲು ಈ ಗಾಳಿಗೆ ಹಾರುತ್ತದೆಯೇ? ಮುಚ್ಚಳದೊಳಗೆ ಸಗಣಿಯ ಹಾಗೆ ಮೆತ್ತಿಕೊಂಡಿತು. ಹತ್ತು ಹೆಜ್ಜೆಗೊಮ್ಮೆ ಇಂಜಿನ್ ಕಟ್ಟಿ ನಿಲ್ಲುತ್ತಿತ್ತು.

ನಿಂತಾಗಲೆಲ್ಲ ಯಂತ್ರವನ್ನು ಓರೆ ಮಾಡಿ, ಹುಲ್ಲು ಕೆರೆದು ತೆಗೆದು, ಹಗ್ಗ ಎಳೆದು ಮತ್ತೆ ಶುರು ಮಾಡಬೇಕು. ಹಗ್ಗ ಎಳೆಯಬೇಕಾದದ್ದು ಅದೇ ಬಲ ತೋಳಿನಿಂದ. ಬಸಿಗಾಲುವೆ ಬಂದಾಗಲೆಲ್ಲ ನಲವತ್ತು ಕೆ.ಜಿ. ಸಮೀಪದ ಯಂತ್ರವನ್ನು ಇಬ್ಬರು ಎತ್ತಿ ದಾಟಿಸಬೇಕು. ಇಳಿಜಾರಿನ ಕೆಸರಿನಲ್ಲಿ ಹಿಂದಿನ ಚಕ್ರ ನಿಂತಲ್ಲೇ ತಿರುಗುತ್ತಿತ್ತು. ಹೆಗಲಿನ ಹತ್ತು ಕೆ.ಜಿ. ಇಳಿಸಲು ತಂದ ಯಂತ್ರವನ್ನು ಅಪ್ಪ, ಅಮ್ಮ ಇಬ್ಬರೂ ಸೇರಿ ಹೊರುತ್ತಿದ್ದರು.

ಈ ಯಂತ್ರದ ಹುಟ್ಟಿನ ಕತೆ ತಿಳಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಹುಲ್ಲುಹಾಸು ಕತ್ತರಿಸುವ ಯಂತ್ರಕ್ಕೆ 1830ರಲ್ಲಿ ಮೊದಲು ಪೇಟೆಂಟ್ ಪಡೆದವನು ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್‌ನ ಸ್ಟ್ರೌಡ್ ಕಡೆಯ ಎಡ್ವಿನ್ ಬಡಿಂಗ್. ಅದು ಉಣ್ಣೆ ಗಿರಣಿಗಳ ಸೀಮೆ. ನೇಯ್ದ ಉಣ್ಣೆಬಟ್ಟೆಯ ಮೇಲೆದ್ದ ಜುಂಗನ್ನು ಒಂದೇ ಸಮನೆ ಕತ್ತರಿಸುವ ಗಿರಣಿಯ ಯಂತ್ರವನ್ನು ನೋಡಿ ಅವನಿಗೆ ಈ ಯೋಚನೆ ಬಂತು ಎನ್ನುತ್ತಾರೆ. ಬಟ್ಟೆಯನ್ನು ನುಣುಪು ಮಾಡಿದ ಹಾಗೆ ನೆಲವನ್ನೂ ಮಾಡಬಹುದಲ್ಲ ಎಂಬ ಯೋಚನೆ. ಅವನದು ಉರುಳೆಗೆ ಜೋಡಿಸಿದ ಅಲಗುಗಳ ಯಂತ್ರ. ನಮ್ಮ ಮನೆಗೆ ಬಂದದ್ದು ಅಡ್ಡ ತಿರುಗುವ ಅಲಗಿನ ಜಾತಿಯದು. ಆಸ್ಟ್ರೇಲಿಯದಲ್ಲಿ 1952ರಲ್ಲಿ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ ಶುರು ಮಾಡಿದ 'ವಿಕ್ಟಾ' ಈ ಬಗೆಯ ಯಂತ್ರವನ್ನು ಅಲ್ಲಿನ ಮನೆಮನೆಯ ಹಿತ್ತಲಿಗೆ ಮುಟ್ಟಿಸಿತು. ಬಡಿಂಗ್ ಮೇಲಾಗಲಿ ರಿಚರ್ಡ್‌ಸನ್ ಮೇಲಾಗಲಿ ನನಗೆ ಸಿಟ್ಟಿಲ್ಲ. ಅವರು ತಮ್ಮ ಊರಿನ ನೆಲ ನೋಡಿ ಯಂತ್ರ ಮಾಡಿದರು. ನಮ್ಮ ನೆಲ ನೋಡದೆ, ನಮ್ಮ ಪ್ರಶ್ನೆ ಕೇಳಿಯೂ ಕೇಳಿಸಿಕೊಳ್ಳದೆ ಮಾರಿದವರ ಮೇಲೆ ನನ್ನ ಸಿಟ್ಟು.

ಆಗಸ್ಟ್‌ನಲ್ಲಿ ಒಂದು ದಿನ, ಬಿದ್ದ ಸೋಗೆಯ ಅಡಿಯಿದ್ದ ಜಂಬಿಟ್ಟಿಗೆ ಕಲ್ಲಿಗೆ ಅಲಗು ಬಡಿಯಿತು. ಇಂಜಿನ್ ಠಕ್ಕೆಂದು ನಿಂತಿತು. ಆಮೇಲೆ ಎಷ್ಟು ಹಗ್ಗ ಎಳೆದರೂ ಶುರುವಾಗಲಿಲ್ಲ. ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಸರ್ವೀಸ್ ಸೆಂಟರಿಗೆ ಹೋದೆವು. ಅಲ್ಲಿ ನಮ್ಮ ಮೇಲೆ ಒಂದೊಂದಾಗಿ ಆರೋಪ ಓದಿದರು. ಒದ್ದೆ ಹುಲ್ಲು ಕತ್ತರಿಸಬಾರದಿತ್ತು. 15 ಡಿಗ್ರಿಗಿಂತ ಹೆಚ್ಚಿನ ಇಳಿಜಾರಿನಲ್ಲಿ ಓಡಿಸಬಾರದಿತ್ತು. ನೆಲದ ಮೇಲೆ ಕಲ್ಲು, ಕಡ್ಡಿ ಇರಬಾರದಿತ್ತು. ಎಥೆನಾಲ್ 10 ಭಾಗಕ್ಕಿಂತ ಹೆಚ್ಚು ಬೆರೆಸಿದ ಪೆಟ್ರೋಲ್ ಹಾಕಬಾರದಿತ್ತು. "ಎಲ್ಲಾ ಬುಕ್ಕಲ್ಲಿದೆ ಮೇಡಂ, ಓದ್ಕೊಂಡಿಲ್ವಾ?"

ಬುಕ್ಕಲ್ಲಿ ಇರುವುದು ನಿಜ. ಇಂಗ್ಲಿಷಿನಲ್ಲಿದೆ, ಸಣ್ಣಕ್ಷರದಲ್ಲಿದೆ, ದುಡ್ಡು ಕೊಟ್ಟ ಮೇಲೆ ಬಿಚ್ಚುವ ಪೆಟ್ಟಿಗೆಯೊಳಗಿದೆ. ಅಪ್ಪ ಕನ್ನಡ ಚೆನ್ನಾಗಿ ಓದುತ್ತಾನೆ. ಸಹಕಾರ ಸಂಘದ ನಡಾವಳಿಯಲ್ಲಿ ತಪ್ಪು ಹುಡುಕುವಷ್ಟು. ಈ ಪುಸ್ತಕ ಅವನಿಗೆ ಬರೀ ಚಿತ್ರಗಳ ಪುಸ್ತಕ. ಹೋಗಲಿ, ಇಂಗ್ಲಿಷ್ ಬರುವ ನಾನು ಓದಿದ್ದರೆ ಏನು ಮಾಡಬಹುದಿತ್ತು? ತೀರ್ಥಹಳ್ಳಿಯಲ್ಲಿ ಜುಲೈನಲ್ಲಿ ಒಣ ಹುಲ್ಲು ಎಲ್ಲಿಂದ ತರುವುದು? ಪೆಟ್ರೋಲಿನ ಮಾತನ್ನೇ ನೋಡಿ. ಪೆಟ್ರೋಲಿಗೆ 20 ಭಾಗ ಎಥೆನಾಲ್ ಬೆರೆಸುವುದು ಕೇಂದ್ರ ಸರ್ಕಾರದ ನೀತಿ. 2030ಕ್ಕೆಂದು ಇಟ್ಟುಕೊಂಡಿದ್ದ ಗುರಿಯನ್ನು 2025ಕ್ಕೇ ಮುಟ್ಟಿದ್ದೇವೆ ಎಂದು ಸರ್ಕಾರವೇ ಹೇಳಿದೆ. ನಮ್ಮ ಬಂಕಿನಲ್ಲಿ ಸಿಗುವುದು ಅದೊಂದೇ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಲ್ಲುವ ಸಣ್ಣ ಇಂಜಿನ್ನಿನ ಕಾರ್ಬುರೇಟರಿಗೆ ಅದು ಒಳ್ಳೆಯದಲ್ಲ ಎನ್ನುವುದು ಸರಿ. ಆದರೆ ಇಂಥ ಪೆಟ್ರೋಲ್ ಮಾತ್ರ ಸಿಗುವ ಊರಿನಲ್ಲಿ, ಇಂಥ ಪೆಟ್ರೋಲ್ ಹಾಕಬಾರದ ಯಂತ್ರವನ್ನು ಮಾರುವಾಗ ಒಂದು ಮಾತು ಹೇಳಬೇಕಿತ್ತಲ್ಲ? ಕೆಟ್ಟಾಗ ನೆನಪಾಗುವ ನಿಯಮ ಮಾರುವಾಗ ಯಾಕೆ ನೆನಪಾಗುವುದಿಲ್ಲ?

ಕೊನೆಗೆ ತೀರ್ಪು ಬಂತು: ವಾರಂಟಿ ಅನ್ವಯಿಸುವುದಿಲ್ಲ, ಇಂಜಿನ್ ಪೂರ್ತಿ ಬದಲಿಸಬೇಕು, 31,000 ರೂಪಾಯಿ. ಯಂತ್ರವನ್ನು ಅದೇ ಆಟೋದಲ್ಲಿ ವಾಪಸು ತಂದೆವು.

ನಮ್ಮೂರಿನಲ್ಲಿ ಪಂಪ್‌ಸೆಟ್ಟು, ವೀಡ್ ಕಟರು ರಿಪೇರಿ ಮಾಡುವ ಒಬ್ಬರಿದ್ದಾರೆ. ಅವರು ಅರ್ಧ ಗಂಟೆಯಲ್ಲಿ ಮೇಲಿನ ಕವಚ ಬಿಚ್ಚಿ, ಫ್ಲೈವೀಲ್ ಎಬ್ಬಿಸಿ, ನನ್ನ ಅಂಗೈಗೆ ಬೆರಳುಗುರಿಗಿಂತ ಸಣ್ಣ ಲೋಹದ ಚೂರೊಂದನ್ನು ಹಾಕಿದರು. ಅರ್ಧ ತುಂಡಾಗಿತ್ತು. "ಇದು ಫ್ಲೈವೀಲ್ ಕೀ. ಮುರೀಲಿ ಅಂತಲೇ ಇಟ್ಟಿರೋದು ಮಾರಾಯ್ತಿ. ಕಲ್ಲಿಗೆ ಬಡಿದ್ರೆ ಇದು ಹೋಗಿ ಕ್ರ್ಯಾಂಕ್ ಉಳೀಬೇಕು." ಈ ಚೂರು ಕತ್ತರಿಸಿದಾಗ ಫ್ಲೈವೀಲ್ ಒಂದಿಷ್ಟು ಜಾರುತ್ತದೆ, ಸ್ಪಾರ್ಕ್ ಬರಬೇಕಾದ ಹೊತ್ತಿಗೆ ಬರುವುದಿಲ್ಲ, ಇಂಜಿನ್ ಏಳುವುದಿಲ್ಲ. ಅವರು ಅಲಗನ್ನು ಕೈಯಲ್ಲಿ ತಿರುಗಿಸಿ, ಎರಡೂ ತುದಿ ಒಂದೇ ಎತ್ತರದಲ್ಲಿ ಹಾಯುವುದನ್ನು ತೋರಿಸಿ ಕ್ರ್ಯಾಂಕ್ ನೆಟ್ಟಗಿದೆ ಎಂದರು. ಬದಲಿಸಬೇಕಾದದ್ದು ಆ ಚೂರು ಮಾತ್ರ.

ಅಂಗಡಿಗೆ ಫೋನ್ ಮಾಡಿದೆ. "ಅದು ಬಿಡಿಯಾಗಿ ಬರಲ್ಲ ಮೇಡಂ. ಹೊರಗಡೆ ಬಿಚ್ಚಿಸಿದೀರಾ? ಹಾಗಾದ್ರೆ ವಾರಂಟಿ ಪೂರ್ತಿ ಹೋಯ್ತು." ಇಲ್ಲವೆಂದಿದ್ದ ವಾರಂಟಿ ಎರಡನೇ ಸಲ ಹೋಯಿತು. ಉಕ್ಕಿನ ಚೂರನ್ನು ಅರದಲ್ಲಿ ಉಜ್ಜಿ ಕೂರಿಸಲಾಗುವುದಿಲ್ಲವೇ ಎಂದು ನಮ್ಮೂರಿನವರನ್ನು ಕೇಳಿದೆ. "ಕೂರಿಸಬಹುದು. ಆದ್ರೆ ಮುಂದಿನ ಕಲ್ಲಿಗೆ ಇದು ಮುರಿಯಲ್ಲ, ಕ್ರ್ಯಾಂಕೇ ಬಾಗ್ತದೆ. ನಾನು ಮಾಡಲ್ಲ" ಎಂದರು. ಈ ಇಡೀ ಪ್ರಕರಣದಲ್ಲಿ ತನ್ನ ಕೆಲಸದ ಹೊಣೆ ಹೊತ್ತು ಮಾತಾಡಿದವರು ಅವರೊಬ್ಬರೇ. ಅವರಿಗೆ ಯಾವ ಕಂಪನಿಯ ಅಂಗಿಯೂ ಇಲ್ಲ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಆ ಚೂರನ್ನು ಇಟ್ಟ ಎಂಜಿನಿಯರಿಗೆ ಅಲಗು ಒಂದಲ್ಲ ಒಂದು ದಿನ ಕಲ್ಲಿಗೆ ಬಡಿಯುತ್ತದೆ ಎಂದು ಗೊತ್ತಿತ್ತು. ಅದಕ್ಕೇ ಅಗ್ಗದ ಚೂರು ಮುರಿದು ದುಬಾರಿ ಭಾಗ ಉಳಿಯುವ ಹಾಗೆ ಮಾಡಿದ. ಅವನು ಬಳಸುವವನ ಪರವಾಗಿ ಯೋಚಿಸಿದ್ದ. ಆ ಚೂರನ್ನು ಬಿಡಿಯಾಗಿ ಮಾರುವುದಿಲ್ಲ ಎಂದು ತೀರ್ಮಾನಿಸಿದವರು ಅವನ ಯೋಚನೆಯನ್ನೇ ತಲೆಕೆಳಗು ಮಾಡಿದರು. ಇಂಜಿನ್ ಉಳಿಸಲು ಇಟ್ಟದ್ದು ಈಗ ಇಂಜಿನ್ ಮಾರಲು ನೆಪವಾಗಿದೆ. ಹಾಗಾಗಿ ನನ್ನನ್ನು ಯಂತ್ರವಿರೋಧಿ ಎಂದು ಕರೆಯಬೇಡಿ. ಯಂತ್ರದೊಳಗಿನ ವಿವೇಕಕ್ಕೆ ದ್ರೋಹ ಮಾಡಿದವರು ಯಂತ್ರ ಮಾರಿದವರು.

"ಲಾನ್ ಮೋವರನ್ನು ತೋಟಕ್ಕೆ ತಂದದ್ದೇ ನಿಮ್ಮ ತಪ್ಪು" ಎನ್ನುವವರಿದ್ದಾರೆ. ಕೇಳಿ ತಂದೆವು. ಬರವಣಿಗೆಯಲ್ಲಿ ಉತ್ತರ ಪಡೆದು ತಂದೆವು. ಕೊಳ್ಳುವವನು ಇಂಜಿನ್ ಶಾಸ್ತ್ರ, ಇಳಿಜಾರಿನ ಗಣಿತ, ಇಂಧನ ನೀತಿ ಎಲ್ಲ ಓದಿಕೊಂಡೇ ಅಂಗಡಿಗೆ ಹೋಗಬೇಕು, ಮಾರುವವನು ಮಾತ್ರ ಬಾಯಿಗೆ ಬಂದದ್ದು ಹೇಳಬಹುದು ಎನ್ನುವುದು ಯಾವ ನ್ಯಾಯ? ಅಪ್ಪನ ಹಳೆಯ ವೀಡ್ ಕಟರ್ ಇದರ ಬೆಲೆಯ ಕಾಲು ಭಾಗವೂ ಇರಲಿಲ್ಲ. ಅದರ ಕ್ಲಚ್ಚು, ಪ್ಲಗ್ಗು, ಕಾರ್ಬುರೇಟರಿನ ಪರದೆ ಎಲ್ಲವೂ ತೀರ್ಥಹಳ್ಳಿ ಪೇಟೆಯಲ್ಲಿ ಸಿಗುತ್ತವೆ. ಹೆಚ್ಚು ದುಡ್ಡು ಕೊಟ್ಟು ನಾವು ಕೊಂಡದ್ದು ಹೆಚ್ಚು ಭರವಸೆಯನ್ನಲ್ಲ, ಹೆಚ್ಚು ಷರತ್ತುಗಳನ್ನು.

ಇನ್ನೊಂದು ಪಂಗಡವಿದೆ. ಅವರು ನಮ್ಮವರೇ, ಇಂಥ ಪುಟಗಳನ್ನು ಓದುವವರು, ಬರೆಯುವವರು. ಈ ಕತೆ ಕೇಳಿದ ಗೆಳೆಯನೊಬ್ಬ ಕಣ್ಣರಳಿಸಿ ಹೇಳಿದ: "ಅದಕ್ಕೇ ಕಣೇ, ಕುಡುಗೋಲಿಗಿದ್ದ ಲಯ ಮಿಷನ್ನಿಗೆಲ್ಲಿಂದ ಬರಬೇಕು? ಅದನ್ನೇ ಬರಿ." ಕುಡುಗೋಲು ಹಿಡಿದವರಿಗೆ ಹುಲ್ಲಿನ ನಡುವಿನ ಒಂದೆಲಗ ಕಾಣುತ್ತದೆ, ಅದನ್ನು ಉಳಿಸಿ ಕೊಯ್ಯುತ್ತಾರೆ, ಮಧ್ಯಾಹ್ನಕ್ಕೆ ತಂಬುಳಿಯಾಗುತ್ತದೆ. ನನಗೂ ಗೊತ್ತು, ನನಗೂ ಇಷ್ಟ. ಆದರೆ ನನ್ನಜ್ಜಿ ಐವತ್ತು ವರ್ಷ ಕುಕ್ಕರಗಾಲಿನಲ್ಲಿ ಕೂತು ಹುಲ್ಲು ಕೊಯ್ದವಳು. ಕೊನೆಗಾಲದಲ್ಲಿ ಅವಳ ಬೆನ್ನು ನೆಟ್ಟಗಾಗಲೇ ಇಲ್ಲ. ಲಯದ ಬಗ್ಗೆ ಅವಳು ಒಂದು ದಿನವೂ ಮಾತಾಡಿದ್ದು ನಾನು ಕೇಳಿಲ್ಲ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತು ಕುಡುಗೋಲನ್ನು ಹೊಗಳುವವರು, ಸರ್ವೀಸ್ ಸೆಂಟರಿನ ಹುಡುಗ ಹೇಳಿದ್ದನ್ನೇ ಬೇರೆ ಮಾತಿನಲ್ಲಿ ಹೇಳುತ್ತಿದ್ದಾರೆ: ಯಂತ್ರ ನಿಮ್ಮಂಥವರಿಗಲ್ಲ. ಅವನು ಒರಟಾಗಿ ಹೇಳಿದ, ಇವರು ಚಂದವಾಗಿ ಹೇಳುತ್ತಾರೆ. ಎರಡರ ಕೊನೆಗೂ ಭಾರ ಬೀಳುವುದು ಅಪ್ಪನ ಹೆಗಲ ಮೇಲೆ.

ನಮಗೆ ಯಂತ್ರ ಬೇಕು. ನಮ್ಮ ನೆಲಕ್ಕೆ ಹೊಂದುವ, ನಮ್ಮ ಭಾಷೆಯಲ್ಲಿ ವಿವರ ಕೊಡುವ, ನಮ್ಮೂರಿನಲ್ಲಿ ರಿಪೇರಿಯಾಗುವ ಯಂತ್ರ. ಇದು ಅತಿಯಾಸೆಯಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಮಾರುವವನು ಯಾವ ರೀತಿಯಲ್ಲಾದರೂ ಹೇಳಿಕೊಂಡ ಗುಣಮಟ್ಟ ಸರಕಿನಲ್ಲಿ ಇಲ್ಲದಿದ್ದರೆ ಅದೂ 'ದೋಷ'ವೇ. ದೂರು ಕೊಡಲು ಮಾರಿದವನ ಊರಿಗೆ ಅಲೆಯಬೇಕಿಲ್ಲ. ಕೊಂಡವರು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು. ಇದನ್ನು ಓದುವ ವಿದ್ಯಾರ್ಥಿಗಳು ಮನೆಯವರಿಗೆ ತಿಳಿಸಿ. ಅವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ದುರಸ್ತಿಯ ಹಕ್ಕಿನ ವಿಷಯದಲ್ಲಿ ಮಾತ್ರ ನಾವಿನ್ನೂ ಅರ್ಧ ದಾರಿಯಲ್ಲಿದ್ದೇವೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ಇದಕ್ಕಾಗಿ ಒಂದು ಜಾಲತಾಣ ತೆರೆಯಿತು. ಮೊಬೈಲ್, ಗೃಹೋಪಯೋಗಿ ವಸ್ತು, ವಾಹನಗಳ ಜೊತೆ ಕೃಷಿ ಉಪಕರಣಗಳೂ ಅದರ ಪಟ್ಟಿಯಲ್ಲಿವೆ. ಆದರೆ ಅದು ಕಂಪನಿಗಳು ಮನಸ್ಸಾದರೆ ಮಾಹಿತಿ ಹಾಕುವ ಜಾಗ. ಅಮೆರಿಕದ ಕೊಲರಾಡೊ ರಾಜ್ಯ 2023ರಲ್ಲಿ ಕೃಷಿ ಯಂತ್ರಗಳ ಬಿಡಿಭಾಗ, ಕೈಪಿಡಿ, ಸಲಕರಣೆಗಳನ್ನು ರೈತರಿಗೂ ಹೊರಗಿನ ರಿಪೇರಿಯವರಿಗೂ ಕೊಡಲೇಬೇಕೆಂದು ಕಾಯ್ದೆ ಮಾಡಿತು. ಅಲ್ಲಿನ ಸಾವಿರಾರು ಎಕರೆಯ ರೈತನಿಗೆ ಬೇಕಾದ ಹಕ್ಕು ಒಂದೂವರೆ ಎಕರೆಯವನಿಗೆ ಇನ್ನೂ ಹೆಚ್ಚು ಬೇಕು. ಅವನಿಗೆ ಎರಡನೇ ಯಂತ್ರ ಕೊಳ್ಳುವ ಶಕ್ತಿ ಇರುವುದಿಲ್ಲ.

ಯಂತ್ರ ಈಗ ಅಡಿಕೆ ಬೇಯಿಸುವ ಒಲೆಯ ಪಕ್ಕ ಟಾರ್ಪಾಲು ಹೊದ್ದು ನಿಂತಿದೆ. ದೂರನ್ನು ನಾನೇ ಕನ್ನಡದಲ್ಲಿ ಬರೆದೆ. ಬಿಲ್ಲು ಅಪ್ಪನ ಹೆಸರಿನಲ್ಲಿದೆ, ಹಾಗಾಗಿ ಸಹಿಯೂ ಅವನದೇ ಬೇಕು. ವಾರಗಟ್ಟಲೆ ಒಪ್ಪಲಿಲ್ಲ. "ಕಲ್ಲು ನೋಡದೆ ಹೊಡೆದವನು ನಾನು. ಕೋರ್ಟು ಕಚೇರಿ ಎಲ್ಲ ಎಂತಕ್ಕೆ?" ಎನ್ನುತ್ತಿದ್ದ. ಹೋದ ವಾರ ಊರಿಗೆ ಹೋದಾಗ ಜಗಲಿಯಲ್ಲಿ ಕೂರಿಸಿಕೊಂಡು ಇಡೀ ದೂರನ್ನು ಓದಿ ಹೇಳಿದೆ. ಸುಮ್ಮನೆ ಕೇಳಿದ. "ಕಣ್ತಪ್ಪಿ ಅಲಗು ಕಲ್ಲಿಗೆ ಬಡಿದು" ಎಂಬಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದ.

"ಆ ಕಣ್ತಪ್ಪಿ ತೆಗಿ. ತೋಟ ಅಂದಮೇಲೆ ಕಲ್ಲು ಇರ್ತದೆ."

ತೆಗೆದೆ. ಸಹಿ ಹಾಕಿದ.